ಕೇಳದೆ ಕಲಿತವನು ಕಾಲೇಜು ಓದಿದ ವರ್ಷ

ಹೋದ ತಿಂಗಳು ಹುಣಸೂರಿನಿಂದ ಎಚ್.ಡಿ. ಕೋಟೆ ಕಡೆಗೆ ಹೋಗುತ್ತಿದ್ದಾಗ ಬಸ್ಸು ಕೆಟ್ಟು ನಿಂತಿತು. ಎಲ್ಲರ ಜೊತೆ ನಾನೂ ಇಳಿದೆ. ರಸ್ತೆ ಬದಿಯ ಹೊಲದಲ್ಲಿ ಶುಂಠಿ ಕಿತ್ತು, ಪೈಪಿನಲ್ಲಿ ನೀರು ಬಿಟ್ಟು ತೊಳೆಯುತ್ತಿದ್ದರು. ಕೆಂಪು ನೀರು ರಸ್ತೆಯವರೆಗೂ ಹರಿದು ಬಂದಿತ್ತು. ಹಸಿ ಶುಂಠಿಯ ಘಾಟು ಮೂಗಿಗೆ ಬಂದ ಕೂಡಲೇ ನನಗೆ ನೆನಪಾದದ್ದು ನಾನು ಓದಿದ ಕಾಲೇಜು.

ಬೇರೆಯವರಿಗೆ ಕಾಲೇಜು ಅಂದರೆ ಏನು ನೆನಪಾಗುತ್ತದೋ ಗೊತ್ತಿಲ್ಲ. ನನ್ನ ಕಾಲೇಜು ಇದ್ದದ್ದು ಹುಣಸೂರು ಬಸ್ ನಿಲ್ದಾಣದ ಹಿಂದೆ, ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೆ, ಶಾಜಿ ಎಂಬಾತನ ಸೈಬರ್ ಸೆಂಟರಿನಲ್ಲಿ. ಶಾಜಿಯ ಅಪ್ಪ ವಯನಾಡಿನಿಂದ ಬಂದು ಕೋಟೆ ತಾಲ್ಲೂಕಿನಲ್ಲಿ ಭೂಮಿ ಗುತ್ತಿಗೆ ಹಿಡಿದು ಶುಂಠಿ ಬೆಳೆಯುತ್ತಿದ್ದರು. ಶುಂಠಿ ಮೂಟೆಗಳನ್ನು ತಂದು ಮಗನ ಅಂಗಡಿಯ ಮೆಟ್ಟಿಲ ಮೇಲೆ ಗೋಡೆಗೆ ಒರಗಿಸಿಡುತ್ತಿದ್ದರು. ಅವುಗಳ ಪಕ್ಕದಲ್ಲಿ ಒಂದೊಂದೇ ಕಾಲಿಟ್ಟು ಮೇಲೆ ಹತ್ತಬೇಕಿತ್ತು. ಎರಡು ಸಾವಿರದ ಏಳನೇ ಇಸವಿಯ ಮಳೆಗಾಲದಿಂದ ಮರುವರ್ಷದ ಬೇಸಿಗೆಯವರೆಗೆ ನಾನು ಆ ಮೆಟ್ಟಿಲು ಹತ್ತಿದೆ.

ನಾನು ಕಂಪಲಾಪುರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದವನು. ಸುಟ್ಟುಹೋದ ಪಂಪ್‌ಸೆಟ್ ಮೋಟಾರನ್ನು ಬಿಚ್ಚಿ, ಒಳಗಿನ ಕರಕಲು ತಂತಿಯನ್ನೆಲ್ಲ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹಾಕಿ ಒಣಗಿಸಿ ಕೊಡುವ ಕೆಲಸ. ಒಂಬತ್ತನೇ ತರಗತಿಯನ್ನು ಅರ್ಧಕ್ಕೇ ಬಿಟ್ಟು ಮೈಸೂರಿನಲ್ಲಿ ಒಬ್ಬ ಉಸ್ತಾದರ ಅಂಗಡಿ ಸೇರಿದ್ದೆ. ಅಲ್ಲಿ ಒಂದು ಪದ್ಧತಿ ಇತ್ತು. ಕಲಿಯಲು ಬಂದವನು ಏನನ್ನೂ ಕೇಳಬಾರದು. ಉಸ್ತಾದರ ಪಕ್ಕ ಕೂತು ಅವರ ಕೈಯನ್ನು ನೋಡಬೇಕು. "ಕೈ ನೋಡೋ, ನನ್ ಮೂತಿ ಏನ್ ನೋಡ್ತೀಯಾ" ಎನ್ನುತ್ತಿದ್ದರು. ಕೇಳಿದವನಿಗೆ ಅವತ್ತೆಲ್ಲ ಟೀ ತರುವ ಕೆಲಸ. ಕೇಳಿದ ಅಂದರೆ ಅವನು ನೋಡಿಲ್ಲ ಎಂದೇ ಲೆಕ್ಕ. ನಾನು ಒಂದು ದಿನವೂ ಕೇಳಲಿಲ್ಲ. ಕಂಪಲಾಪುರಕ್ಕೆ ಬಂದು ಸ್ವಂತ ಅಂಗಡಿ ಹಾಕಿದ ಮೇಲೂ ಯಾರನ್ನೂ ಏನನ್ನೂ ಕೇಳಿದವನಲ್ಲ. ಪಿರಿಯಾಪಟ್ಟಣ, ಕೊಪ್ಪದಿಂದೆಲ್ಲ ಮೋಟಾರು ಹುಡುಕಿಕೊಂಡು ಬರುತ್ತಿದ್ದವು. ಆ ಹೆಮ್ಮೆ ಆಗಲೂ ಇತ್ತು, ಈಗಲೂ ಇದೆ.

ಕಾಲೇಜು ಸೇರುವ ಮೊದಲಿನ ಬೇಸಿಗೆಯಲ್ಲಿ ವೋಲ್ಟೇಜ್ ತೀರ ಕಡಿಮೆ. ಹೊಗೆಸೊಪ್ಪಿನ ಸಸಿಮಡಿಗೆ ನೀರು ಹಾಯಿಸಲೇಬೇಕಾದ ಕಾಲ. ಮೋಟಾರುಗಳು ಸುಡುತ್ತಲೇ ಇದ್ದವು. ಒಂದು ಮಧ್ಯಾಹ್ನ ಊರಾಚೆಯ ಪಂಪ್‌ಹೌಸಿನಲ್ಲಿ ಸ್ಟಾರ್ಟರ್ ಬಿಚ್ಚಿಕೊಂಡು ಕೂತಿದ್ದೆ. ಟ್ರಾನ್ಸ್‌ಫಾರ್ಮರಿನಲ್ಲಿ ಫ್ಯೂಸ್ ಹೋಗಿದ್ದರಿಂದ ತಂತಿಯಲ್ಲಿ ಕರೆಂಟ್ ಇರಲಿಲ್ಲ. ನಮ್ಮ ಕಡೆ ಫ್ಯೂಸ್ ಹೋದರೆ ಲೈನ್‌ಮನ್ ಬರಲಿ ಎಂದು ಯಾರೂ ಕಾಯುವುದಿಲ್ಲ. ಯಾರ ಹೊಲಕ್ಕೆ ಅವಸರವೋ ಅವರೇ ಹೋಗಿ ಹಾಕಿಬಿಡುತ್ತಾರೆ. ಅವತ್ತು ಪಕ್ಕದ ಹೊಲದವರು ಹೋಗಿ ಹಾಕಿದರು. ನಾನು ಒಳಗೆ ಕೈಯಿಟ್ಟು ಕೂತಿರುವುದು ಅವರಿಗೆ ಕಾಣುವ ಹಾಗಿರಲಿಲ್ಲ. ಅವರ ಮೇಲೆ ತಪ್ಪು ಹೊರಿಸಲಾರೆ. ಎಷ್ಟೋ ಸಲ ನಾನೂ ಹಾಗೆ ಹಾಕಿದ್ದೇನೆ.

ಜೀವ ಉಳಿಯಿತು. ಬಲಗೈಯ ಸುಟ್ಟ ಗಾಯವೂ ಮಾಯಿತು. ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳು ನೋಡಲು ಮೊದಲಿನ ಹಾಗೇ ಇದ್ದವು, ಆದರೆ ಅವುಗಳಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಕಾಫಿ ಲೋಟ ಹಿಡಿದರೆ ಬಿಸಿಯೋ ತಣ್ಣಗೋ ತಿಳಿಯದು. ನರ ಸತ್ತಿದೆ, ಬಂದರೆ ಬರಬಹುದು ಎಂದರು ಡಾಕ್ಟರು. ವೈಂಡಿಂಗ್ ಕೆಲಸ ಕಣ್ಣಿನದಲ್ಲ. ತಂತಿಯ ಎಳೆಗಳನ್ನು ಕಬ್ಬಿಣದ ಸಂದಿಯೊಳಗೆ ಇಳಿಸುವಾಗ ಎಲ್ಲಿ ಬಿಗಿ, ಎಲ್ಲಿ ಸಡಿಲ, ಎಲ್ಲಿ ಮೇಲಿನ ಪದರ ಕೆರೆದಿದೆ ಎಂಬುದು ಬೆರಳಿಗೇ ಗೊತ್ತಾಗಬೇಕು. ಆಸ್ಪತ್ರೆಯಿಂದ ಬಂದ ಮೇಲೆ ಒಂದು ಚಿಕ್ಕ ಮೋಟಾರು ಸುತ್ತಿ ನೋಡಿದೆ. ಪರೀಕ್ಷೆಗೆ ಹಾಕಿದ ಕೂಡಲೇ ಹೊಗೆ ಬಂತು. ಅದನ್ನು ಮೂಲೆಗಿಟ್ಟು ಬಾಗಿಲೆಳೆದೆ.

ಬೆರಳಿಗೆ ಆದದ್ದು ಒಳಗೂ ಆಗಿತ್ತೋ ಏನೋ. ದುಃಖ ಆಗಲಿಲ್ಲ. ಸಿಟ್ಟೂ ಬರಲಿಲ್ಲ. ಬೆಳಿಗ್ಗೆ ಅಂಗಡಿಗೆ ಹೋಗಿ ಷಟರ್ ಅರ್ಧ ಎತ್ತಿ ಒಳಗೆ ಕೂರುತ್ತಿದ್ದೆ. ಪೂರ್ತಿ ಎತ್ತಿದರೆ ದಾರಿಹೋಕರು ಬಂದು "ಅಯ್ಯೋ ನಾಗಣ್ಣ, ಎಂಥಾ ಕೈ ಇತ್ತು ನಿಂದು" ಎನ್ನುತ್ತಿದ್ದರು. ಇತ್ತು ಎನ್ನುವ ಮಾತು ಕೇಳಲು ನನಗೆ ಇಷ್ಟವಿರಲಿಲ್ಲ. ಮಧ್ಯಾಹ್ನ ಮನೆಗೆ ಬಂದು ಹಾಕಿದ್ದನ್ನು ಉಣ್ಣುತ್ತಿದ್ದೆ. ನನ್ನ ಹೆಂಡತಿ ಲಲಿತ ಸಾರಿಗೆ ಉಪ್ಪು ಹಾಕುವುದನ್ನು ಮರೆತಿದ್ದ ದಿನವೂ ಸುಮ್ಮನೆ ಉಂಡು ಎದ್ದೆನಂತೆ. ಅವಳಿಗೆ ಭಯ ಹುಟ್ಟಿದ್ದು ಅವತ್ತು ಎಂದು ಆಮೇಲೆ ಹೇಳಿದಳು.

ಹುಣಸೂರಿನಲ್ಲಿ ಹಳ್ಳಿಯವರಿಗೆ ಕಸುಬು ಕಲಿಸುವ ಒಂದು ತರಬೇತಿ ಕೇಂದ್ರವಿತ್ತು. ಮೊದಲೆಲ್ಲ ಶನಿವಾರ ಅಲ್ಲಿಗೆ ಹೋಗಿ ವೈಂಡಿಂಗ್ ಮಾಡಿ ತೋರಿಸಿ ಬರುತ್ತಿದ್ದೆ. ಅಲ್ಲಿನ ಮುಖ್ಯಸ್ಥರು ನನ್ನನ್ನು ನೋಡಲು ಮನೆಗೇ ಬಂದರು. "ನಾಗರಾಜು, ಬರೋ ಜೂನ್‌ಗೆ ನಮಗೆ ಒಬ್ಬ ಕಾಯಂ ಇನ್‌ಸ್ಟ್ರಕ್ಟರ್ ಬೇಕು. ನೀವೇ ಬಂದ್ರೆ ನಂಗೆ ಸಂತೋಷ. ಆದ್ರೆ ಮೇಲಿನೋರು ಸರ್ಟಿಫಿಕೇಟ್ ಕೇಳ್ತಾರೆ" ಎಂದರು. ಉತ್ತರ ಕರ್ನಾಟಕದ ಕಾಲೇಜೊಂದು ಒಂದು ವರ್ಷದ ಡಿಪ್ಲೊಮಾವನ್ನು ಆನ್‌ಲೈನ್ ಮೂಲಕ ಕನ್ನಡದಲ್ಲೇ ಕಲಿಸುತ್ತಿದೆ, ಕಸುಬಿನ ಅನುಭವ ಇದ್ದವರಿಗೆ ಎಸ್ಸೆಸ್ಸೆಲ್ಸಿ ಕೇಳುವುದಿಲ್ಲ, ಕಂಪ್ಯೂಟರ್ ಮುಂದೆ ಕೂತು ಪಾಠ ಕೇಳಿದರೆ ಆಯಿತು ಎಂದು ವಿವರಿಸಿದರು. ಜೂನಿನೊಳಗೆ ಆ ಸರ್ಟಿಫಿಕೇಟ್ ತಂದರೆ ಕೆಲಸ ನನ್ನದು, ಇಲ್ಲವಾದರೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ.

ಅವರು ಹೋದ ಮೇಲೆ ಲಲಿತಳಿಗೆ ಹೇಳಿದೆ. "ತಲೆ ಬೆಳ್ಳಗಾಗ್ತಾ ಅದೆ, ಈಗ ಕಾಲೇಜಾ."

"ಕಾಲೇಜಲ್ಲಿ ತಲೆ ಯಾರು ನೋಡ್ತಾರೆ, ಕಂಪ್ಯೂಟರಲ್ವಾ" ಎಂದಳು. "ಸೇರ್ಕಳಿ. ಅರ್ಧ ಷಟರ್ ಎತ್ತಿ ಕೂತ್ಕಳೋದ್ಕಿಂತ ವಾಸಿ."

ಸೇರಿದೆ. ಆಸೆಯಿಂದ ಸೇರಿದೆ ಎನ್ನಲಾರೆ. ಬೇಡ ಎನ್ನುವುದಕ್ಕೂ ಒಂದು ಶಕ್ತಿ ಬೇಕು, ಅದು ನನ್ನಲ್ಲಿ ಇರಲಿಲ್ಲ.

ಜುಲೈ ತಿಂಗಳಲ್ಲಿ ಪಾಠ ಶುರುವಾಯಿತು. ಭಾನುವಾರ ಬೆಳಿಗ್ಗೆ, ಬುಧವಾರ ಸಂಜೆ. ಮಳೆ ಬಿಡುತ್ತಿರಲಿಲ್ಲ. ಮಡಿಕೇರಿ ಕಡೆಯಿಂದ ಬರುವ ಬಸ್ಸು ಹತ್ತಿ, ಒದ್ದೆ ಕೊಡೆಗಳ ಮಧ್ಯೆ ನಿಂತು ಹುಣಸೂರಿಗೆ ಹೋಗುತ್ತಿದ್ದೆ. ಶಾಜಿ ಮೂಲೆಯ ಕಂಪ್ಯೂಟರನ್ನು ನನಗೆಂದೇ ಬಿಟ್ಟಿರುತ್ತಿದ್ದ. ಮೊದಲ ದಿನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಮೌಸ್ ಹಿಡಿಸಿದ. ನನ್ನ ಬೆರಳಿಗೆ ಅದರ ಗುಂಡಿ ಒತ್ತಿದ್ದು ಗೊತ್ತಾಗದೆ ಒತ್ತುತ್ತಲೇ ಹೋದೆ. ಪರದೆಯ ಮೇಲೆ ಏನೇನೋ ತೆರೆದುಕೊಂಡವು.

"ಚೇಟ್ಟಾ, ಅದು ಬೋರ್‌ವೆಲ್ ಅಲ್ಲ, ಅಷ್ಟು ಒತ್ತಬೇಡಿ" ಎಂದ. ಚೇಟ್ಟಾ ಎಂದರೆ ಅವರ ಮಲಯಾಳದಲ್ಲಿ ಅಣ್ಣ. ಆಮೇಲೆ ನನ್ನ ಕೈ ನೋಡಿದ. ಮೌಸನ್ನು ತೆಗೆದು ಎಡಗಡೆಗೆ ಇಟ್ಟ. ಅದರ ಬಗ್ಗೆ ಬೇರೇನೂ ಹೇಳಲಿಲ್ಲ. ಅವನ ಮೇಲೆ ನನಗೆ ಗೌರವ ಹುಟ್ಟಿದ್ದು ಅದಕ್ಕೇ.

ಪಾಠ ಮಾಡುತ್ತಿದ್ದವರು ಶೈಲಜಾ ಮೇಡಂ. ಧಾರವಾಡದ ಕಡೆಯವರು. ಅವರ ಮುಖವನ್ನು ನಾವು ನೋಡಿರಲಿಲ್ಲ. ದನಿ ಮಾತ್ರ ಬಾವಿಯ ಒಳಗಿಂದ ಬಂದ ಹಾಗೆ ಕೇಳುತ್ತಿತ್ತು, ಪರದೆಯ ಮೇಲೆ ಅವರು ಬರೆದ ಚಿತ್ರಗಳು ಒಂದೊಂದಾಗಿ ಮೂಡುತ್ತಿದ್ದವು. ಬೇರೆ ಬೇರೆ ಊರುಗಳಲ್ಲಿ ನಮ್ಮಂಥವರು ಕೂತಿದ್ದರು. ಪ್ರಶ್ನೆ ಇದ್ದವರು ಮೈಕಿನಲ್ಲಿ ಕೇಳಬಹುದು, ಇಲ್ಲ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಿ ಕಳಿಸಬಹುದು. ಕೇಳುತ್ತಿದ್ದವನು ಒಬ್ಬನೇ. ಬಾಗಲಕೋಟೆ ಕಡೆಯ ಬಸವಂತಪ್ಪ. ಹಿಟ್ಟಿನ ಗಿರಣಿಯಲ್ಲಿ ಮೋಟಾರು ನೋಡಿಕೊಳ್ಳುತ್ತಿದ್ದನಂತೆ. "ಮೇಡಮ್ಮಾರ, ಅದು ಹಂಗ್ಯಾಕ ಅಕ್ಕೇತ್ರಿ?" ಎಂದು ಮಾತು ಮಾತಿಗೆ ತಡೆಯುತ್ತಿದ್ದ. ಫ್ಯೂಸ್ ಯಾಕೆ ತೆಳ್ಳಗಿರುತ್ತದೆ ಎಂದೂ ಕೇಳಿದ. ಇವನು ನಮ್ಮ ಉಸ್ತಾದರ ಕೈಗೆ ಸಿಕ್ಕಿದ್ದರೆ ಜನ್ಮವೆಲ್ಲ ಟೀ ತರುತ್ತಿದ್ದ ಎಂದುಕೊಂಡೆ.

ನಾನು ಬಾಯಿ ಬಿಡಲಿಲ್ಲ. ಒಂದು ಪಾಠವನ್ನೂ ತಪ್ಪಿಸಲಿಲ್ಲ. ಕರೆಂಟ್ ಹೋಗಿ ಎಲ್ಲ ಕಂಪ್ಯೂಟರ್ ಆರಿದರೂ ಕಪ್ಪು ಪರದೆಯ ಮುಂದೆ ಕೂತೇ ಇರುತ್ತಿದ್ದೆ. ಸಮಯಕ್ಕೆ ಬರುವುದು, ಕೆಲಸ ಉಳಿಸಿಕೊಳ್ಳದಿರುವುದು, ಗಮನವಿಟ್ಟು ನೋಡುವುದು, ಇಷ್ಟು ಮಾಡಿದರೆ ಕಲಿತ ಹಾಗೆ ಎಂಬುದು ನನ್ನ ನಂಬಿಕೆ. ವಾರ ವಾರ ಬರೆದು ಕಳಿಸಬೇಕಾದ ಉತ್ತರಗಳನ್ನು ನಾನು ಹೇಳುತ್ತಿದ್ದೆ, ಲಲಿತ ಬರೆಯುತ್ತಿದ್ದಳು. ನನ್ನ ಬೆರಳಿನಲ್ಲಿ ಪೆನ್ನು ನಿಲ್ಲುತ್ತಿರಲಿಲ್ಲ. ಅವಳು ಎಸ್ಸೆಸ್ಸೆಲ್ಸಿ ಪಾಸಾದವಳು, ಅಕ್ಷರ ದುಂಡಗೆ. ಅದು ಹೊಗೆಸೊಪ್ಪು ಬೇಯಿಸುವ ಕಾಲ. ಹಗಲೆಲ್ಲ ಪಕ್ಕದವರ ಬ್ಯಾರನ್, ಅಂದರೆ ಸೊಪ್ಪು ಬೇಯಿಸುವ ಮನೆಯ ಮುಂದೆ ಕೂತು ಎಲೆಗಳನ್ನು ಕಡ್ಡಿಗೆ ಕಟ್ಟಿ, ಅಂಗೈಗೆ ಹತ್ತಿದ ಕಪ್ಪು ಅಂಟನ್ನು ಉಜ್ಜಿ ತೊಳೆದು ಬಂದು ಬರೆಯಲು ಕೂರುತ್ತಿದ್ದಳು. ಶಾಜಿ ಆ ಹಾಳೆಗಳನ್ನು ಸ್ಕ್ಯಾನ್ ಮಾಡಿ ಕಳಿಸುತ್ತಿದ್ದ.

ದಸರಾ ಹೊತ್ತಿಗೆ ಮೊದಲ ಕಿರುಪರೀಕ್ಷೆಯ ಫಲಿತಾಂಶ ಬಂತು. ನಾನು ಫೇಲು. ಬಸವಂತಪ್ಪ ಪಾಸು. ಬರವಣಿಗೆಗೆ ಅಲ್ಪಸ್ವಲ್ಪ ಅಂಕ ಬಂದಿತ್ತು, ತರಗತಿಯಲ್ಲಿ ಪಾಲ್ಗೊಂಡದ್ದಕ್ಕೆ ಸೊನ್ನೆ. ಅದರ ಕೆಳಗೆ ಮೇಡಂ ಒಂದು ಸಾಲು ಬರೆದಿದ್ದರು. ನೀವೇ ಪಾಠಕ್ಕೆ ಬರುತ್ತೀರೋ, ಬೇರೆ ಯಾರಾದರೂ ನಿಮ್ಮ ಹೆಸರಿನಲ್ಲಿ ಕಂಪ್ಯೂಟರ್ ಹಾಕಿ ಹೋಗುತ್ತಾರೋ ತಿಳಿಯುವುದಿಲ್ಲ, ದಯವಿಟ್ಟು ಮಾತಾಡಿ, ಎರಡನೇ ಪರೀಕ್ಷೆಯಲ್ಲೂ ಹೀಗಾದರೆ ಕೊನೆಯ ಪರೀಕ್ಷೆಗೆ ಕೂರಿಸಲು ಬರುವುದಿಲ್ಲ.

ಶಾಜಿ ಓದಿ ಹೇಳಿ, ನನ್ನ ಮುಖ ನೋಡಿ, ಕೆಳಗೆ ಹೋಗಿ ಟೀ ತಂದ. ನಾನು ಕುಡಿಯದೆ ಇಳಿದು ಬಂದೆ.

ಮನೆಯಲ್ಲಿ ಹೇಳಿದೆ. "ಸಾಕು ಕಣೇ ಲಲಿತ. ಬಿಟ್ಬುಡ್ತೀನಿ. ಒಂದಿನ ತಪ್ಪಿಸ್ದೋನಲ್ಲ ನಾನು. ಬಂದೇ ಇಲ್ಲ ಅಂತಾರೆ."

ಅವಳು ಹೊಸಿಲ ಹತ್ತಿರ ಕೂತು ಅಂಗೈಯ ಅಂಟು ಉಜ್ಜುತ್ತಿದ್ದಳು. "ಮೂಗನಂಗೆ ಕೂತ್ಕಂಡು ಬಂದ್ರೆ ಅವ್ರಿಗೆ ಹೆಂಗ್ ಗೊತ್ತಾಯ್ತದೆ? ಅವ್ರೇನ್ ಗೋಡೆಯಿಂದ ಇಣುಕಿ ನೋಡ್ತಾರಾ?"

"ಕೇಳೋಕೆ ನಂಗೇನೂ ಇಲ್ಲ. ಎಲ್ಲ ಗೊತ್ತಿರೋದೇ."

"ಎಲ್ಲ ಗೊತ್ತಿರೋರು ಫೇಲ್ ಯಾಕಾದ್ರಿ?" ಎಂದು ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ ಕೂಗಿ ಹೇಳಿದಳು, "ಒಂದಾದ್ರೂ ಗೊತ್ತಿಲ್ದೇ ಇರೋದು ಇರ್ತದೆ, ಹುಡುಕಿ."

ಅವಳ ಮೇಲೂ ನನಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಮಾರನೆಯ ದಿನ ಅಂಗಡಿಯಲ್ಲಿ ಅರ್ಧ ಷಟರಿನ ಕೆಳಗೆ ಕೂತಿದ್ದಾಗ ಮೂಲೆಯಲ್ಲಿ ಬಿಚ್ಚಿಟ್ಟಿದ್ದ ಮೋಟಾರನ್ನು ನೋಡಿದೆ. ಮೋಟಾರಿನಲ್ಲಿ ಹೊರಗಿನದು ಸ್ಟೇಟರ್, ಅದು ಕದಲುವುದಿಲ್ಲ, ತಂತಿ ಸುತ್ತುವುದು ಅದಕ್ಕೆ. ಒಳಗಿನದು ರೋಟರ್, ತಿರುಗುವುದು ಅದು. ನಾವು ಕರೆಂಟ್ ಕೊಡುವುದು ಹೊರಗಿನದಕ್ಕೆ. ಒಳಗಿನದಕ್ಕೆ ಒಂದು ಎಳೆ ತಂತಿಯೂ ಹೋಗುವುದಿಲ್ಲ. ಎರಡರ ನಡುವೆ ಕೂದಲು ಹೋಗುವಷ್ಟು ಜಾಗ ಇರುತ್ತದೆ, ಒಂದಕ್ಕೊಂದು ತಾಗುವುದೂ ಇಲ್ಲ. ಹಾಗಿದ್ದರೆ ಅದು ಯಾಕೆ ತಿರುಗುತ್ತದೆ? ಅಷ್ಟು ವರ್ಷ ತಿರುಗಿಸಿದ್ದೆ, ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದೂ ಗೊತ್ತಿರಲಿಲ್ಲ.

ಬುಧವಾರ ಮೈಕಿನ ಗುಂಡಿ ಯಾವುದು ಎಂದು ಶಾಜಿಯನ್ನು ಕೇಳಿದೆ. ಅವನು ಒತ್ತಿ ತೋರಿಸಿ, ಬೇರೆ ಗಿರಾಕಿಗಳಿಗೆ ಸದ್ದು ಮಾಡಬೇಡಿ ಎಂದು ಸನ್ನೆ ಮಾಡಿದ. ಮೇಡಂ ಮಾತು ನಿಲ್ಲಿಸುವವರೆಗೂ ಕಾದೆ. ಗುಂಡಿ ಒತ್ತಿದೆ.

"ಮೇಡಂ, ನಾನು ಕಂಪಲಾಪುರದ ನಾಗರಾಜು. ಒಂದ್ ವಿಷಯ. ರೋಟರಿಗೆ ವೈರ್ ಕೊಡೋದೇ ಇಲ್ಲ. ಅದು ಯಾಕೆ ತಿರುಗ್ತದೆ?"

ಮೊದಲು ಬಸವಂತಪ್ಪನ ದನಿ ಬಂತು. "ಭೇಷ್ ಕೇಳಿದ್ರಿ ನೋಡ್ರಿ ಅಣ್ಣಾರ. ನನಗೂ ಅದ ಗೊತ್ತಿಲ್ಲ. ಕೇಳಾಕ ನಾಚಿಕಿ ಬಂದು ಸುಮ್ನ ಇದ್ದೆ."

ಇವನಿಗೂ ನಾಚಿಕೆ ಎಂಬುದಿದೆಯೇ ಎಂದು ನನಗೆ ಆಶ್ಚರ್ಯವಾಯಿತು.

ಮೇಡಂ ನಕ್ಕರು. "ನಾಗರಾಜ ಅವರ, ಮೂರು ತಿಂಗಳಿಂದ ನಿಮ್ಮ ದನಿ ಕೇಳಿದ್ದಿಲ್ಲ. ನೀವು ಅದೀರಿ ಅಂತ ಇವತ್ತು ಗೊತ್ತಾತು." ಅವತ್ತು ಮಾಡಬೇಕಾಗಿದ್ದ ಪಾಠ ಬಿಟ್ಟು ಅದನ್ನೇ ಹೇಳಿದರು. ಹೊರಗಿನ ಕಾಯಿಲುಗಳಲ್ಲಿ, ಅಂದರೆ ತಂತಿಯ ಸುರುಳಿಗಳಲ್ಲಿ, ಕರೆಂಟ್ ಹರಿದಾಗ ಅಯಸ್ಕಾಂತದ ಬಲವೊಂದು ಹುಟ್ಟಿ ಸುತ್ತುತ್ತದೆ. ಆ ಸುತ್ತುವ ಬಲ ಒಳಗಿನದನ್ನು ಮುಟ್ಟದೆಯೇ ಅದರಲ್ಲೂ ಕರೆಂಟ್ ಹುಟ್ಟಿಸುತ್ತದೆ. ಪುಸ್ತಕದಲ್ಲಿ ಇದಕ್ಕೆ ಪ್ರೇರಣೆ ಎನ್ನುತ್ತಾರೆ. ಒಳಗಿನದು ಆ ಬಲದ ಹಿಂದೆ ಓಡಲು ಶುರುಮಾಡುತ್ತದೆ, ಆದರೆ ಯಾವತ್ತೂ ಅದರ ಸಮಕ್ಕೆ ಬರುವುದಿಲ್ಲ. "ಸಮಕ್ಕ ಬಂತು ಅಂದ್ರ ಅದರಾಗ ಕರೆಂಟ್ ಹುಟ್ಟೂದು ನಿಲ್ತದ, ಎಳಿಯೋ ಬಲಾನೂ ಹೋಗ್ತದ. ಹಿಂದ ಉಳಿದದ್ದಕ್ಕ ಅದು ತಿರುಗ್ತಿರ್ತದ" ಎಂದರು.

ಮನೆಗೆ ಬಂದು ಲಲಿತಳಿಗೆ ಹೇಳಿದೆ. ಹೊರಗಿನದು ಒಳಗಿನದನ್ನು ಮುಟ್ಟುವುದಿಲ್ಲ, ದೂರದಲ್ಲಿದ್ದುಕೊಂಡೇ ತಿರುಗಿಸುತ್ತದೆ ಎಂದೆ.

"ನಮ್ಮತ್ತೆ ಇದ್ರಲ್ಲ, ಅಂಗೆ" ಎಂದಳು. "ಜಗುಲಿ ಮೇಲೆ ಕೂತ್ಕಂಡೇ ಅಡ್ಗೆಮನೆ ತಿರುಗಿಸೋರು."

ನನಗೆ ನಗು ಬಂತು. ಬೇಸಿಗೆಯಿಂದ ಈಚೆಗೆ ನಕ್ಕದ್ದು ಅದೇ ಮೊದಲು. ಅವಳು ಕೈಯಲ್ಲಿದ್ದ ಸೌಟು ಹಿಡಿದುಕೊಂಡು ನನ್ನನ್ನೇ ನೋಡಿದಳು. ನಾನು ಮುಖ ತಿರುಗಿಸಿದೆ.

ಆಮೇಲೆ ಕೇಳುವುದು ಕಷ್ಟವಾಗಲಿಲ್ಲ. ಸುಲಭವಾಯಿತು ಎಂದೂ ಅಲ್ಲ, ಪ್ರತಿ ಸಲ ಗುಂಡಿ ಒತ್ತುವಾಗ ಉಸ್ತಾದರು ಹಿಂದೆ ನಿಂತ ಹಾಗೆ ಅನ್ನಿಸುತ್ತಿತ್ತು. ಎರಡನೇ ಕಿರುಪರೀಕ್ಷೆಯಲ್ಲಿ ಪಾಸಾದೆ. ಇನ್ನು ಉಳಿದದ್ದು ಕೊನೆಯದು. ಅದರಲ್ಲಿ ಬರವಣಿಗೆಯ ಜೊತೆ ಒಂದು ಮೋಟಾರನ್ನು ಕ್ಯಾಮೆರಾ ಮುಂದೆ ಸುತ್ತಿ ತೋರಿಸಬೇಕಿತ್ತು. ನನಗೆ ಆಗುವುದಿಲ್ಲವಲ್ಲ ಎಂದು ಮೇಡಂ ಅವರನ್ನೇ ಕೇಳಿದೆ. ಅವರು ವಿಚಾರಿಸಿ ಹೇಳಿದರು. ಡಾಕ್ಟರ ಚೀಟಿ ಕಳಿಸಿದರೆ ಜೊತೆಗೆ ಒಬ್ಬರನ್ನು ಇಟ್ಟುಕೊಳ್ಳಬಹುದು. ನಾನು ಹೇಳಿದಂತೆ ಅವರು ಮಾಡಬೇಕು. ನಾನು ಹೇಳದ್ದನ್ನು ಅವರು ಮಾಡಿದರೆ, ಇಲ್ಲ ನನಗೆ ಹೇಳಿಕೊಟ್ಟರೆ ಪರೀಕ್ಷೆ ಅಲ್ಲಿಗೆ ನಿಂತಿತು.

"ಯಾರನ್ನ ಕರ್ಕಂಡು ಹೋಗೋದು?" ಎಂದೆ.

"ಸೊಪ್ಪು ಕಟ್ಟೋ ಕೈ ತಂತಿ ಕಟ್ಟಲ್ವಾ?" ಎಂದಳು ಲಲಿತ.

ಸಂಕ್ರಾಂತಿಯಾದ ಮೇಲೆ ಅಂಗಡಿಯ ಷಟರನ್ನು ಮತ್ತೆ ಪೂರ್ತಿ ಎತ್ತಿದೆ. ಅವಳು ಗೋಣಿತಾಟಿನ ಮೇಲೆ ಸ್ಟೇಟರನ್ನು ಮುಂದಿಟ್ಟುಕೊಂಡು ಕೂತಳು. ನಾನು ಎದುರಿಗೆ ಸ್ಟೂಲಿನ ಮೇಲೆ. "ತಂತಿ ತಗೋ, ಅದರೊಳಕ್ಕೆ ಹಾಕು" ಎಂದೆ.

"ಯಾವುದರೊಳಕ್ಕೆ?"

"ಅದೇ ಕಣೇ, ಆ ಸಂದಿಗೆ."

"ಸುತ್ತ ಎಲ್ಲಾ ಸಂದಿನೇ ಅದೆ. ಯಾವ ಸಂದಿ? ಎಡಗಡೆಯಿಂದಲಾ, ಬಲಗಡೆಯಿಂದಲಾ? ಎಷ್ಟು ಬಿಗಿ?"

ನನ್ನ ಕೈ ಗಾಳಿಯಲ್ಲಿ ಆಡುತ್ತಿತ್ತು. "ಕೊಡಿಲ್ಲಿ" ಎಂದು ಕಿತ್ತುಕೊಳ್ಳಲು ಹೋದರೆ ಅವಳು ಸ್ಟೇಟರನ್ನು ಮಡಿಲಿಗೆ ಎಳೆದುಕೊಂಡಳು. "ಬಾಯಲ್ಲೇಳಿ. ಅಲ್ಲಿ ಆ ಮೇಡಮ್ಮು ನಿಮ್ಗೆ ಕೈ ಹಾಕೋಕೆ ಬಿಡ್ತಾರಾ?"

ಹೀಗೆ ಮಾಘ, ಫಾಲ್ಗುಣ ಕಳೆದವು. ಪ್ರತಿಯೊಂದಕ್ಕೂ ಮಾತು ಹುಡುಕಬೇಕಾಯಿತು. ಬಿಗಿ ಎಂದರೆ ಎಷ್ಟು? ಬೆರಳಿನಿಂದ ಮೀಟಿದರೆ ಸದ್ದು ಬರಬಾರದು, ಅಷ್ಟು. ಹಾಗೆಂದು ನಾನು ಹೇಳಿದ್ದು ಅವತ್ತೇ ಮೊದಲು. ನನ್ನ ಬೆರಳುಗಳು ಬಲ್ಲದ್ದನ್ನು ನಾನು ಕೇಳಿಸಿಕೊಂಡದ್ದೂ ಅವತ್ತೇ ಮೊದಲು. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. "ಏನ್ ನಾಗಣ್ಣ, ಉಸ್ತಾದ್ ಚೇಂಜಾ?" ಎಂದು ಒಬ್ಬ ಕೇಳಿದ. "ಹೂಂ ಕಣಣ್ಣ, ಇವರಿಗೆ ನೋಟೀಸ್ ಕೊಟ್ಟಿದ್ದೀನಿ" ಎಂದಳು ಲಲಿತ ತಲೆ ಎತ್ತದೆ. ಅವಳು ಸುತ್ತಿದ ಮೊದಲ ಮೋಟಾರು ಸುಟ್ಟಿತು. ಎರಡನೆಯದೂ ಸುಟ್ಟಿತು. ಮೂರನೆಯದು ತಿರುಗಿತು. ಅದರ ಗುಂಯ್ ಸದ್ದು ಕೇಳಿದಾಗ ಅವಳ ಮುಖ ಅರಳಿದ್ದನ್ನು ನೋಡಿದೆ. ನನ್ನೊಳಗೂ ಏನಾದರೂ ಆಗುತ್ತದೆಯೋ ಎಂದು ಕಾದೆ. ಸದ್ದಿನಲ್ಲಿ ಏರುಪೇರಿಲ್ಲ, ಬೇರಿಂಗ್ ಸರಿ ಕೂತಿದೆ ಎಂದಷ್ಟೇ ಅನ್ನಿಸಿತು.

ಕೊನೆಯ ಪರೀಕ್ಷೆ ಏಪ್ರಿಲ್ ತಿಂಗಳಲ್ಲಿ. ನಾನು ಹೇಳಿ ಲಲಿತ ಬರೆಯುವುದು ಮುಗಿದ ಮರುದಿನ ಬೆಳಿಗ್ಗೆ ಸ್ಟೇಟರನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿಟ್ಟುಕೊಂಡು ಇಬ್ಬರೂ ಹೊರಟೆವು. ಲಲಿತ ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ಶಾಜಿ ಬೇರೆ ಗಿರಾಕಿಗಳನ್ನೆಲ್ಲ ಕಳಿಸಿ, ಮೂಲೆಯ ಮೇಜನ್ನು ಖಾಲಿ ಮಾಡಿ, ಕರೆಂಟ್ ಹೋದರೆ ಇರಲಿ ಎಂದು ಕೆಳಗಿನ ಜೆರಾಕ್ಸ್ ಅಂಗಡಿಯ ಜನರೇಟರಿನಿಂದ ವೈರ್ ಎಳೆದಿದ್ದ. ಕ್ಯಾಮೆರಾವನ್ನು ಲಲಿತಳ ಕೈ ಕಾಣುವ ಹಾಗೆ ತಿರುಗಿಸಿದ. "ಚೇಚೀ, ಬಳೆ ಸ್ವಲ್ಪ ಮೇಲೆ" ಎಂದ, ಅಕ್ಕ ಎನ್ನುವ ಹಾಗೆ. ಅವಳು ಬಳೆಗಳನ್ನು ಮೊಣಕೈಗೆ ಏರಿಸಿಕೊಂಡಳು.

ಪರದೆಯ ಮೇಲೆ ಮೇಡಂ ಮುಖ ಕಂಡಿತು. ನಾನು ಎಣಿಸಿದ್ದಕ್ಕಿಂತ ಚಿಕ್ಕ ವಯಸ್ಸು. ಪಕ್ಕದಲ್ಲಿ ಕನ್ನಡಕ ಹಾಕಿದ ಇನ್ನೊಬ್ಬ ಪರೀಕ್ಷಕರು. "ಶುರು ಮಾಡ್ರಿ ನಾಗರಾಜ ಅವರ. ಅಮ್ಮಾರ, ನೀವು ಅವರು ಹೇಳಿದ್ದಷ್ಟ ಮಾಡ್ರಿ" ಎಂದರು.

ಮೊದಲು ಸ್ಟೇಟರನ್ನು ಒರೆಸಲು ಹೇಳಿದೆ. ಸಂದಿಗಳನ್ನು ಎಣಿಸಲು ಹೇಳಿದೆ. ಕಾಯಿಲಿನ ಅಳತೆ ಹೇಳಿದೆ. ಮಾತು ಸರಾಗವಾಗಿ ಬರುತ್ತಿತ್ತು. ಅವಳು ಅಚ್ಚಿನ ಮೇಲೆ ತಂತಿ ಸುತ್ತಿ ಕಾಯಿಲನ್ನು ಬಿಡಿಸಿಟ್ಟಳು. "ಈಗ ಕಾಯಿಲ್ ತಗೋ. ಮೊದಲನೇ ಸಂದಿಯೊಳಕ್ಕೆ ಇಳಿಸು" ಎಂದೆ.

ಅವಳ ಎಡಗೈ ಮೇಜಿನ ಅಂಚಿನ ಕಡೆ ಸರಿಯಿತು. ಪರೀಕ್ಷಕರು ಮುಂದಕ್ಕೆ ಬಾಗಿದರು. ಕೈ ಅಲ್ಲೇ ನಿಂತಿತು. ಕಾಯಿಲನ್ನು ಅವಳು ಮುಟ್ಟಲಿಲ್ಲ. ಎರಡೂ ಕೈಗಳನ್ನು ಮಡಿಲಿನಲ್ಲಿ ಇಟ್ಟುಕೊಂಡು ಕೂತಳು.

"ಯಾಕ್ರಿ ಅಮ್ಮಾರ, ನಿಂತ್ರಿ?" ಎಂದರು ಮೇಡಂ.

ಅವಳು ಮಾತಾಡುವ ಹಾಗಿರಲಿಲ್ಲ. ನಾನು ಅವಳ ಕೈ ನೋಡಿದೆ. ನಾನು ಏನೋ ಬಿಟ್ಟಿದ್ದೇನೆ, ಅದು ಅವಳಿಗೆ ಗೊತ್ತಿದೆ, ಹೇಳಿದರೆ ಪರೀಕ್ಷೆ ಹೋಯಿತು. ನಾನು ಹೇಳಿದ್ದನ್ನೇ ಮಾಡಿದರೂ ಹೋಯಿತು, ಮೋಟಾರು ಸುಡುತ್ತದೆ. ಏನು ಬಿಟ್ಟೆ? ದಿನಾ ಮಾಡಿದ ಕೆಲಸ, ಲೆಕ್ಕವಿಲ್ಲದಷ್ಟು ಸಲ ಮಾಡಿದ್ದು, ತಲೆಯಲ್ಲಿ ಹುಡುಕಿದರೆ ಇಲ್ಲ. ಶಾಜಿ ಬಾಗಿಲ ಹತ್ತಿರ ಗೋಡೆ ನೋಡುತ್ತ ನಿಂತಿದ್ದ. ಫೇಲಾದರೆ ಆ ಕೆಲಸವೂ ಇಲ್ಲ, ಊರಿನ ಅಂಗಡಿಯಲ್ಲೂ ನನ್ನ ಕೈ ನಡೆಯದು, ಮತ್ತೆ ಅರ್ಧ ಷಟರ್ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರೂ ಎದೆ ಹೊಡೆದುಕೊಳ್ಳಲಿಲ್ಲ. ಬೇರೆ ಯಾರದೋ ಪರೀಕ್ಷೆಯನ್ನು ನೋಡುತ್ತಿರುವ ಹಾಗಿತ್ತು.

ಕಣ್ಣು ಮುಚ್ಚಿ, ಮೇಜಿನ ಕೆಳಗೆ ನನ್ನ ಕೈ ಆಡಿಸಿದೆ. ಒಂದನೆಯದರಿಂದ ಶುರು ಮಾಡಿದೆ. ಒರೆಸಿದೆ. ಎಣಿಸಿದೆ. ಕಾಯಿಲ್ ಮಾಡಿಟ್ಟೆ. ಆಮೇಲೆ ಕೈ ತಾನಾಗಿಯೇ ಏನನ್ನೋ ಮಡಿಸಿತು.

"ಕಾಗದ" ಎಂದೆ. "ತಪ್ಪು ಹೇಳ್ದೆ ಮೇಡಂ. ಮೊದಲು ಕಾಗದ. ಲಲಿತ, ಕಾಯಿಲ್ ಬುಡು. ಕಾಗದ ಕತ್ತರಿಸಿ, ಅಂಚು ಮಡಿಸಿ, ಒಂದೊಂದು ಸಂದಿಗೂ ಇಡು. ಇಲ್ದಿದ್ರೆ ತಂತಿ ಕಬ್ಬಿಣಕ್ಕೆ ತಾಗಿ ಸುಡ್ತದೆ."

ಅವಳು ಮೇಜಿನ ಅಂಚಿನಲ್ಲಿದ್ದ ಕಾಗದವನ್ನು ಎಳೆದುಕೊಂಡು ಕತ್ತರಿ ಹಿಡಿದಳು. ಕನ್ನಡಕದವರು ಏನೋ ಬರೆದುಕೊಂಡರು. ಅಲ್ಲಿಂದ ಮುಂದೆ ನಾನು ತಪ್ಪು ಹೇಳಲಿಲ್ಲ.

ಮೇ ಕೊನೆಯಲ್ಲಿ ಫಲಿತಾಂಶ ಬಂತು. ಪಾಸಾಗಿದ್ದೆ. ಶಾಜಿ ಪ್ರಿಂಟ್ ತೆಗೆದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟ. ಬಸವಂತಪ್ಪನೂ ಪಾಸಾಗಿದ್ದ. ಸಂತೋಷವಾಯಿತು ಎಂದು ಬರೆಯಬೇಕು, ಆಗಲಿಲ್ಲ. ಕವರನ್ನು ಅಂಗಿಯೊಳಗೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತು ಬಂದೆ. ಕೆಂಪು ನೆಲಕ್ಕೆ ಹೊಗೆಸೊಪ್ಪಿನ ಸಸಿ ನಾಟಿ ಮಾಡಿದ್ದರು. ಲಲಿತ ಕವರ್ ತೆಗೆದು ನೋಡಿ ಅತ್ತಳು. ನಾನು ಅವಳ ಪಕ್ಕ ಕೂತಿದ್ದೆ.

ಜೂನ್ ಮೊದಲ ಸೋಮವಾರ ತರಬೇತಿ ಕೇಂದ್ರದಲ್ಲಿ ಕೆಲಸಕ್ಕೆ ಸೇರಬೇಕಿತ್ತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟವನು ಬಸ್ಸಿಗೆ ಹೊತ್ತಿತ್ತೆಂದು ಅಂಗಡಿಯ ಮುಂದೆ ನಿಂತೆ. ಲಲಿತ ಆಗಲೇ ಬಾಗಿಲು ತೆಗೆದು ಕಸ ಗುಡಿಸುತ್ತಿದ್ದಳು. ಚಿಕ್ಕನಾಯಕ ಎಂಬ ರೈತ ಸೈಕಲ್ಲಿನ ಕ್ಯಾರಿಯರಿನಲ್ಲಿ ಸುಟ್ಟ ಮೋಟಾರೊಂದನ್ನು ಹಗ್ಗದಲ್ಲಿ ಬಿಗಿದುಕೊಂಡು ಬಂದ. ನಮ್ಮ ಹಳೆಯ ಗಿರಾಕಿ. ಸೈಕಲ್ ನಿಲ್ಲಿಸಿ ನನ್ನ ಅಂಗಿ ನೋಡಿದ.

"ಮೇಷ್ಟ್ರು ಆಗ್ಬುಟ್ಯಂತೆ ನಾಗಣ್ಣ. ಇದು ಯಾವತ್ತಿಗೆ ಆಯ್ತದೆ ಅಂತ ಏಳ್ಬುಟ್ಟು ಓಗು."

ನಾನು ಮೋಟಾರಿನ ಕಡೆ ಬಾಗಿದೆ. ಬಾಯಿ ತೆರೆಯುವಷ್ಟರಲ್ಲಿ ಲಲಿತ ಪೊರಕೆ ಗೋಡೆಗೆ ಒರಗಿಸಿ ಬಂದಳು. ಮೋಟಾರಿನ ಮುಚ್ಚಳದ ಬಳಿ ಮೂಗು ತಂದು ಮೂಸಿದಳು, ಶಾಫ್ಟನ್ನು ಒಮ್ಮೆ ಕೈಯಿಂದ ತಿರುಗಿಸಿ ನೋಡಿದಳು.

"ಬೇರಿಂಗೂ ಓಗ್ಯದೆ. ಗುರುವಾರ ಮಧ್ಯಾಹ್ನ ಬಾ" ಎಂದಳು. ಚಿಕ್ಕನಾಯಕನಿಗೆ ಹೇಳಿದಳು, ನನ್ನ ಕಡೆ ನೋಡಲಿಲ್ಲ.

ಅವನು ನನ್ನ ಮುಖ ನೋಡಿದ. ಗುರುವಾರ ಎಂದರೆ ಗುರುವಾರವೇ, ನಾನಾಗಿದ್ದರೂ ಅಷ್ಟೇ ಹೇಳುತ್ತಿದ್ದೆ. ಹೂಂ ಎಂದು ತಲೆಯಾಡಿಸಿದೆ. ಬಸ್ಸು ಬಂತು. ಹತ್ತಿದೆ, ಹಿಂದಿನ ಸೀಟಿನಲ್ಲಿ ಜಾಗವಿತ್ತು. ಕಿಟಕಿಯಿಂದ ನೋಡಿದಾಗ ಅವಳು ಹಗ್ಗ ಬಿಚ್ಚಿ, ಚಿಕ್ಕನಾಯಕನ ಜೊತೆ ಆ ಮೋಟಾರನ್ನು ಎತ್ತಿ ಒಳಗೆ ಇಡುತ್ತಿದ್ದಳು.